ಹತ್ತು ತಿಂಗಳ ನಂತರ ಮಗುವಿಗೆ ಟ–ತ ವ್ಯತ್ಯಾಸ ಕೇಳಿಸುವುದಿಲ್ಲವೇ?

ಸಂಪಿಗೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಕೆನಡಾದ ವ್ಯಾಂಕೂವರ್ ಪಕ್ಕದಲ್ಲಿ. ಮಗಳಿಗೆ ಏಳು ತಿಂಗಳು. ಮನೆಯಲ್ಲಿ ನಾನು, ನನ್ನ ಗಂಡ ಇಬ್ಬರೂ ಕನ್ನಡವೇ ಮಾತಾಡುತ್ತೇವೆ. ಹೊಸ್ತಿಲು ದಾಟಿದರೆ ಪೂರ್ತಿ ಇಂಗ್ಲಿಷ್. ನನ್ನ ರಜೆ ಮುಗಿದ ಮೇಲೆ ಡೇಕೇರ್‌ಗೆ ಬಿಡಲೇಬೇಕು. ಆಗ ಹಗಲೆಲ್ಲ ಅವಳಿಗೆ ಇಂಗ್ಲಿಷೇ.

ಇಲ್ಲಿನ ಅಮ್ಮಂದಿರ ಗುಂಪಿನಲ್ಲಿ ಒಬ್ಬರು ಹೇಳಿದರು: ಹತ್ತು ತಿಂಗಳಾದ ಮೇಲೆ ಮಗುವಿನ ಕಿವಿ ಬೇರೆ ಭಾಷೆಯ ಶಬ್ದಗಳಿಗೆ ಬಾಗಿಲು ಮುಚ್ಚಿಬಿಡುತ್ತದಂತೆ. ಇನ್ನೊಬ್ಬರು, ಎರಡು ಭಾಷೆ ಬೇಡವೇ ಬೇಡ, ಮಗುವಿಗೆ ಗೊಂದಲವಾಗುತ್ತದೆ, ಮಾತು ತಡವಾಗುತ್ತದೆ ಎಂದರು. ಎರಡನ್ನೂ ಕೇಳಿ ನಿದ್ದೆ ಬರುತ್ತಿಲ್ಲ.

ಇದರ ಬಗ್ಗೆ ಸಂಶೋಧನೆ ನಿಜವಾಗಿ ಏನು ಹೇಳುತ್ತದೆ? ಓದಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಕನ್ನಡ ಶಿಶುಗೀತೆಗಳ ವೀಡಿಯೊ ದಿನಾ ಹಾಕಿಟ್ಟರೆ ಏನಾದರೂ ಉಪಯೋಗ ಇದೆಯಾ?

ಕಡಲತಡಿ

ಸಂಪಿಗೆ ಅವರೇ, ನೀವಿರುವ ಊರಿಗೂ ಈ ಪ್ರಶ್ನೆಗೂ ನೇರ ನಂಟಿದೆ. ಆ ಹತ್ತು ತಿಂಗಳ ಮಾತಿನ ಮೂಲ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನ. ವರ್ಕರ್ ನಿಮ್ಮ ವ್ಯಾಂಕೂವರ್‌ನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲೇ ಪಿಎಚ್‌ಡಿ ಮಾಡಿದವರು, ಮುಂದೆ ಅಲ್ಲೇ ಪ್ರಾಧ್ಯಾಪಕರಾದವರು.

ಅವರು ಪರೀಕ್ಷೆಗೆ ತೆಗೆದುಕೊಂಡ ಒಂದು ಜೋಡಿ ಹಿಂದಿಯ ಟ ಮತ್ತು ತ. ಅಂದರೆ ನಮ್ಮದೇ ಟ, ತ. 'ಆಟ' ಬೇರೆ, 'ಆತ' ಬೇರೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇಂಗ್ಲಿಷ್ ಮಾತ್ರ ಕೇಳಿ ಬೆಳೆದ ದೊಡ್ಡವರಲ್ಲಿ ಹೆಚ್ಚಿನವರಿಗೆ ಎರಡೂ ಒಂದೇ ಥರ ಕೇಳಿಸುತ್ತದೆ. ಇನ್ನೊಂದು ಜೋಡಿ ಬ್ರಿಟಿಷ್ ಕೊಲಂಬಿಯಾದ ಮೂಲನಿವಾಸಿಗಳ ಥಾಂಪ್ಸನ್ ಭಾಷೆಯದು.

ಪ್ರಯೋಗ ಹೀಗಿತ್ತು. ಮಗು ಅಮ್ಮನ ತೊಡೆಯ ಮೇಲೆ ಕೂತಿರುತ್ತದೆ. ಸ್ಪೀಕರ್‌ನಿಂದ ಒಂದೇ ಶಬ್ದ ಮತ್ತೆ ಮತ್ತೆ ಬರುತ್ತದೆ: ಟ, ಟ, ಟ. ಇದ್ದಕ್ಕಿದ್ದಂತೆ ಅದು ತ ಆಗುತ್ತದೆ. ಆಗ ಮಗು ಪಕ್ಕಕ್ಕೆ ತಲೆ ತಿರುಗಿಸಿದರೆ ಅಲ್ಲಿದ್ದ ಕಪ್ಪು ಪೆಟ್ಟಿಗೆಯೊಳಗೆ ದೀಪ ಹತ್ತಿ ಆಟಿಕೆ ಕುಣಿಯುತ್ತದೆ. ಶಬ್ದ ಬದಲಾದರೆ ಆಟಿಕೆ ಬರುತ್ತದೆ ಎಂದು ಮಗು ಬೇಗ ಕಲಿಯುತ್ತದೆ. ಅಮ್ಮನ ಕಿವಿಗೆ ಹೆಡ್‌ಫೋನ್ ಹಾಕಿ ಬೇರೇನೋ ಕೇಳಿಸುತ್ತಾರೆ. ಇಲ್ಲದಿದ್ದರೆ ಅವಳೇ ತನಗೆ ಗೊತ್ತಿಲ್ಲದಂತೆ ಮೈ ಅಲುಗಿಸಿ ಮಗುವಿಗೆ ಸೂಚನೆ ಕೊಟ್ಟುಬಿಡಬಹುದು.

ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಮಕ್ಕಳಲ್ಲಿ ಬಹುತೇಕ ಎಲ್ಲರೂ ಟ–ತ ವ್ಯತ್ಯಾಸ ಹಿಡಿದರು. ಎಂಟರಿಂದ ಹತ್ತು ತಿಂಗಳವರಲ್ಲಿ ಆ ಸಂಖ್ಯೆ ಇಳಿಯಿತು. ಹತ್ತರಿಂದ ಹನ್ನೆರಡು ತಿಂಗಳವರಲ್ಲಿ ಹಿಡಿದವರು ಬಹಳ ಕಡಿಮೆ. ಅದೇ ವಯಸ್ಸಿನ ಹಿಂದಿ ಮನೆಗಳ ಮಕ್ಕಳು ಮಾತ್ರ ಸಲೀಸಾಗಿ ಹಿಡಿದರು.

ಗಮನಿಸಿ, ವ್ಯತ್ಯಾಸ ಹಿಡಿಯದೇ ಹೋದವರು ಆ ಶಬ್ದಗಳನ್ನು ಮನೆಯಲ್ಲಿ ಕೇಳದ ಮಕ್ಕಳು. ನಿಮ್ಮ ಮಗಳು ಹುಟ್ಟಿದಂದಿನಿಂದ ಟ, ತ ಎರಡನ್ನೂ ಕೇಳುತ್ತಿದ್ದಾಳೆ. ಇಂಗ್ಲಿಷ್ ಜೊತೆಗೆ ಬಂದರೆ ಕನ್ನಡದ್ದು ಅಳಿಸಿಹೋಗುತ್ತದೆ ಎಂದು ಆ ಅಧ್ಯಯನ ಎಲ್ಲೂ ಹೇಳಿಲ್ಲ.

ಬಾಗಿಲು ಮುಚ್ಚುತ್ತದೆ ಎಂಬ ಹೋಲಿಕೆಯೂ ಸರಿಯಲ್ಲ. ಅದೇ 1984ರಲ್ಲಿ ಇದೇ ಇಬ್ಬರು ಇನ್ನೊಂದು ಅಧ್ಯಯನ ಮಾಡಿದರು. ಹುಟ್ಟಿದ ಒಂದೆರಡು ವರ್ಷ ಮಾತ್ರ ಹಿಂದಿ ಕೇಳಿ, ಆಮೇಲೆ ಪೂರ್ತಿ ಇಂಗ್ಲಿಷ್‌ನಲ್ಲಿ ಬೆಳೆದ ದೊಡ್ಡವರು ಹಿಂದಿ ತರಗತಿಗೆ ಸೇರಿದಾಗ ಟ–ತ ಬೇಗ ಹಿಡಿದರು. ಉಳಿದ ವಿದ್ಯಾರ್ಥಿಗಳಿಗೆ ಅದು ಕಷ್ಟವಾಯಿತು. 2017ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲೂ ಇಂಥದ್ದೇ ಕಂಡುಬಂತು. ಕೊರಿಯಾದಲ್ಲಿ ಹುಟ್ಟಿ, ಎಳವೆಯಲ್ಲೇ ಡಚ್ ಮನೆಗಳಿಗೆ ದತ್ತು ಹೋದವರು ದೊಡ್ಡವರಾದ ಮೇಲೆ ಕೊರಿಯನ್ ವ್ಯಂಜನಗಳನ್ನು ಉಳಿದ ಡಚ್ಚರಿಗಿಂತ ಚೆನ್ನಾಗಿ ಕಲಿತರು. ಆರು ತಿಂಗಳು ತುಂಬುವ ಮೊದಲೇ ದತ್ತು ಹೋದವರಲ್ಲೂ ಈ ಲಾಭ ಇತ್ತು. ಅವರಿಗೆ ಕೊರಿಯನ್ ಭಾಷೆಯ ಒಂದು ಪದವೂ ನೆನಪಿರಲಿಲ್ಲ.

ಮಲೆನಾಡಜ್ಜಿ

ಮಗೂ ಸಂಪಿಗೆ, ಮೊದಲು ನಿದ್ದೆ ಮಾಡಮ್ಮ. ನಮ್ಮ ಮನೆಯಲ್ಲಿ ಆರು ಬಾಣಂತನ ಮಾಡಿದ್ದೇನೆ. ಕೂಸು ಹುಟ್ಟಿದ ವಾರದಲ್ಲೇ ತಾಯಿ ದನಿಗೆ ಅಳು ನಿಲ್ಲಿಸುವುದನ್ನು ನಾವೆಲ್ಲ ಕಂಡವರು. ಆದರೆ ನನ್ನದೊಂದು ಪ್ರಶ್ನೆ ಇದೆ, ಓದಿದ ಮಕ್ಕಳು ಹೇಳಿ. ತಲೆ ತಿರುಗಿಸುವಷ್ಟು ದೊಡ್ಡ ಮಗುವಾದರೆ ಸರಿ. ಕುತ್ತಿಗೆಯೇ ನಿಲ್ಲದ ಕೂಸಿನ ಮನಸ್ಸಿನಲ್ಲಿ ಏನಿದೆ ಎಂದು ಇವರಿಗೆ ಹೇಗೆ ಗೊತ್ತಾಗುತ್ತದೆ? ನಮ್ಮ ಕಾಲದಲ್ಲಿ, ತಿಂಗಳು ತುಂಬುವ ತನಕ ಕೂಸಿಗೆ ಕಣ್ಣೇ ಕಾಣದು ಅಂತ ಹಿರಿಯರು ಹೇಳುತ್ತಿದ್ದರು.

ಕಡಲತಡಿ

ಅಜ್ಜಿ, ಇದು ಈ ಶಾಸ್ತ್ರದ ಅತಿ ಮುಖ್ಯ ಪ್ರಶ್ನೆ. ನನಗೆ ಇದರಲ್ಲಿ ತುಂಬ ಇಷ್ಟವಾಗುವುದೂ ಇದೇ. ಕೂಸಿಗೆ ಏನೇನು ಮಾಡಲು ಬರುತ್ತದೆ? ನೋಡಲು ಬರುತ್ತದೆ, ಚೀಪಲು ಬರುತ್ತದೆ. ಬೇಸರವಾದರೆ ನೋಟ ಬೇರೆ ಕಡೆ ಹೊರಳಿಸಲು ಬರುತ್ತದೆ. ಸಂಶೋಧಕರು ಇಷ್ಟನ್ನೇ ಬಳಸಿಕೊಂಡರು.

ರಾಬರ್ಟ್ ಫ್ಯಾಂಟ್ಜ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಕೂಸುಗಳನ್ನು ಅಂಗಾತ ಮಲಗಿಸಿ ಮೇಲೆ ಚಿತ್ರ ತೋರಿಸಿದರು. ಸಣ್ಣ ಕಿಂಡಿಯಿಂದ ಕೂಸಿನ ಕಣ್ಣು ನೋಡುತ್ತಿದ್ದರು. ಕಣ್ಣಪಾಪೆಯ ಮೇಲೆ ಯಾವ ಚಿತ್ರದ ಬಿಂಬ ಬಿದ್ದಿದೆಯೋ ಅದನ್ನೇ ಕೂಸು ನೋಡುತ್ತಿದೆ ಎಂದರ್ಥ. 1963ರಲ್ಲಿ ಅವರು ಐದು ದಿನ ತುಂಬದ ಕೂಸುಗಳನ್ನೂ ಪರೀಕ್ಷಿಸಿದರು. ಮುಖದ ಚಿತ್ರ, ಒಂದರೊಳಗೊಂದು ವೃತ್ತ, ಅಚ್ಚಾದ ಅಕ್ಷರ ಇವನ್ನು ಖಾಲಿ ಬಣ್ಣದ ತಟ್ಟೆಗಳಿಗಿಂತ ಜಾಸ್ತಿ ಹೊತ್ತು ನೋಡಿದವು. ಎರಡರಲ್ಲಿ ಒಂದನ್ನು ಹೆಚ್ಚು ನೋಡಬೇಕಾದರೆ ವ್ಯತ್ಯಾಸ ಕಾಣಲೇಬೇಕಲ್ವಾ? ಅಂದರೆ ಹುಟ್ಟಿದ ಕೂಸಿಗೆ ಕಣ್ಣು ಕಾಣುತ್ತದೆ. ತುಂಬ ಮಸುಕಾಗಿ, ಹತ್ತಿರದ್ದು ಮಾತ್ರ. ಸುಮಾರು 20–30 ಸೆಂಟಿಮೀಟರ್. ಹಾಲು ಕುಡಿಯುವಾಗ ಅಮ್ಮನ ಮುಖ ಇರುವ ದೂರವೂ ಹೆಚ್ಚು ಕಡಿಮೆ ಅಷ್ಟೇ.

ಚೀಪುವುದನ್ನು ಪೀಟರ್ ಐಮಾಸ್ ಮತ್ತು ಜೊತೆಯವರು 1971ರಲ್ಲಿ ಬಳಸಿದರು. ನಿಪ್ಪಲ್ಲಿಗೆ ಒಂದು ಸಾಧನ ಜೋಡಿಸಿದ್ದರು. ಕೂಸು ಜೋರಾಗಿ ಚೀಪಿದರೆ ಶಬ್ದ ಕೇಳಿಸುತ್ತದೆ. ಅದೇ ಶಬ್ದ ಹಳತಾದಾಗ ಚೀಪುವುದು ನಿಧಾನವಾಗುತ್ತದೆ. ಆಗ ಶಬ್ದ ಬದಲಿಸುತ್ತಾರೆ. ಮತ್ತೆ ಚುರುಕಾಗಿ ಚೀಪಿದರೆ ಹೊಸದು ಬಂತೆಂದು ಕೂಸಿಗೆ ಗೊತ್ತಾಗಿದೆ ಎಂದರ್ಥ. ಒಂದು ತಿಂಗಳ ಕೂಸು ಬ ಮತ್ತು ಪ ವ್ಯತ್ಯಾಸ ಹಿಡಿಯಿತು. ಧ್ವನಿಯಲ್ಲಿ ಅಷ್ಟೇ ಅಂತರವಿದ್ದರೂ ನಮಗೆ ಎರಡೂ ಬ ಎಂದೇ ಕೇಳುವ ಶಬ್ದಗಳನ್ನು ಕೇಳಿಸಿದಾಗ ಸುಮ್ಮನಿತ್ತು.

ನೀವು ಹೇಳಿದ ತಾಯಿ ದನಿಯ ವಿಷಯವೂ ಪರೀಕ್ಷೆಯಾಗಿದೆ ಅಜ್ಜಿ. 1980ರಲ್ಲಿ ಆಂಟನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಮೂರು ದಿನದೊಳಗಿನ ಕೂಸುಗಳಿಗೆ ಹೀಗೆ ಚೀಪಿದರೆ ಅಮ್ಮನ ದನಿ, ಹಾಗೆ ಚೀಪಿದರೆ ಬೇರೆ ಹೆಂಗಸಿನ ದನಿ ಬರುವಂತೆ ಮಾಡಿದರು. ಕೂಸುಗಳು ಅಮ್ಮನ ದನಿ ಬರುವ ಹಾಗೆಯೇ ಚೀಪಿದವು.

ಬಂದರಿನಹುಡುಗಿ

ಎರಡು ಭಾಷೆಯ ಗೊಂದಲದ ಬಗ್ಗೆ ನಾನು ಹೇಳುತ್ತೇನೆ. ನಾನು ಮಂಗಳೂರಿನವಳು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ನಮ್ಮೂರಲ್ಲಿ ಇದು ವಿಶೇಷವೇ ಅಲ್ಲ. ಈಗ ಮಕ್ಕಳ ಬೆಳವಣಿಗೆಯ ಬಗ್ಗೆ ಎಂಎ ಓದುತ್ತಿದ್ದೇನೆ.

ವ್ಯಾಂಕೂವರ್‌ನಲ್ಲೇ ವರ್ಕರ್ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಹೊಟ್ಟೆಯಲ್ಲಿದ್ದಾಗ ಇಂಗ್ಲಿಷ್ ಮಾತ್ರ ಕೇಳಿದ ನವಜಾತ ಕೂಸುಗಳು ಇಂಗ್ಲಿಷ್ ಕೇಳಲು ಜಾಸ್ತಿ ಚೀಪಿದವು. ಇಂಗ್ಲಿಷ್ ಮತ್ತು ಫಿಲಿಪೀನ್ಸ್‌ನ ತಗಲಾಗ್ ಎರಡನ್ನೂ ಮಾತಾಡುವ ತಾಯಂದಿರ ಕೂಸುಗಳು ಎರಡಕ್ಕೂ ಆಸಕ್ತಿ ತೋರಿಸಿದವು. ಹಾಗಾದರೆ ಎರಡೂ ಅವಕ್ಕೆ ಕಲಸಿಹೋಗಿದೆಯಾ ಎಂದು ಬೇರೆಯಾಗಿ ಪರೀಕ್ಷಿಸಿದರು. ಇಲ್ಲ. ಒಂದು ಭಾಷೆಯಿಂದ ಇನ್ನೊಂದಕ್ಕೆ ಬದಲಾದ ಕೂಡಲೇ ಅವಕ್ಕೆ ಗೊತ್ತಾಗುತ್ತಿತ್ತು. ಹುಟ್ಟಿ ಐದು ದಿನದೊಳಗಿನ ಕೂಸುಗಳು ಇವು!

ಮಾತು ತಡವಾಗುತ್ತದೆ ಎಂಬುದು ಹೇಗೆ ಹುಟ್ಟಿತು ಎಂದರೆ, ಪದ ಎಣಿಸುವಾಗ ಒಂದೇ ಭಾಷೆಯದ್ದನ್ನು ಎಣಿಸುತ್ತಾರೆ. ಎರಡೂ ಭಾಷೆಯ ಪದ ಸೇರಿಸಿ ಎಣಿಸಿದರೆ ಈ ಮಕ್ಕಳು ಉಳಿದವರ ಸಾಲಿನಲ್ಲೇ ಇರುತ್ತಾರೆ. ಸಂಪಿಗೆ ಅಕ್ಕ, ಮುಂದೆ ಡೇಕೇರ್‌ನಲ್ಲಿ ಯಾರಾದರೂ ಪಟ್ಟಿ ಕೊಟ್ಟು ಪದ ಗುರುತು ಮಾಡಲು ಹೇಳಿದರೆ ಕನ್ನಡದ್ದನ್ನೂ ಬರೆದು ಕೊಡಿ.

ಪ್ರಶ್ನೆಗಾರ

ಎಲ್ಲರೂ ಚೆನ್ನಾಗಿ ಬರೆಯುತ್ತಿದ್ದೀರಿ. ಆದರೂ ಒಂದು ಎಚ್ಚರಿಕೆ ಬೇಕು. ಡಿಕ್ಯಾಸ್ಪರ್–ಫೈಫರ್ ಅಧ್ಯಯನದಲ್ಲಿದ್ದದ್ದು ಹತ್ತು ಕೂಸುಗಳು. ಈ ಕ್ಷೇತ್ರದಲ್ಲಿ ಇಂಥ ಸಣ್ಣ ಅಧ್ಯಯನಗಳು ಬಹಳ. ಕೂಸು ಅಳುತ್ತದೆ, ನಿದ್ದೆ ಹೋಗುತ್ತದೆ, ಅರ್ಧಕ್ಕೇ ಬಿಡಬೇಕಾಗುತ್ತದೆ.

1977ರಲ್ಲಿ ಆಂಡ್ರೂ ಮೆಲ್ಟ್‌ಜಾಫ್ ಮತ್ತು ಕೀತ್ ಮೂರ್ ಎರಡು ಮೂರು ವಾರದ ಕೂಸುಗಳು ದೊಡ್ಡವರು ನಾಲಿಗೆ ಚಾಚಿದರೆ ತಾವೂ ಚಾಚುತ್ತವೆ ಎಂದು ತೋರಿಸಿದರು. ಪಠ್ಯಪುಸ್ತಕಗಳಲ್ಲೆಲ್ಲ ಬಂತು. 2016ರಲ್ಲಿ ಆಸ್ಟ್ರೇಲಿಯಾದ ತಂಡ 106 ಕೂಸುಗಳನ್ನು ಒಂದರಿಂದ ಒಂಬತ್ತು ವಾರದ ತನಕ ಪರೀಕ್ಷಿಸಿತು. ಅನುಕರಣೆ ಕಾಣಲಿಲ್ಲ. ದೊಡ್ಡವರು ಬೇರೇನು ಮಾಡಿದರೂ ಕೂಸು ನಾಲಿಗೆ ಚಾಚುತ್ತಲೇ ಇತ್ತು. ಮೆಲ್ಟ್‌ಜಾಫ್ ಇದನ್ನು ಒಪ್ಪಿಲ್ಲ, ವಾದ ಇನ್ನೂ ನಡೆದಿದೆ.

ಆಮೇಲೆ, ಈ ಪ್ರಯೋಗಗಳ ಕೂಸುಗಳಲ್ಲಿ ಹೆಚ್ಚಿನವು ಉತ್ತರ ಅಮೆರಿಕ, ಯೂರೋಪಿನವು. ಅಲ್ಲಿನ ಸಾವಿರ ಮಕ್ಕಳನ್ನು ನೋಡಿ ರಾಯಚೂರಿನ ಮಗು ಹೀಗೇ ಎಂದು ಹೇಳುವುದು ಸರಿಯೇ?

ಕಡಲತಡಿ

ಪ್ರಶ್ನೆಗಾರ ಸರ್, ಸರಿಯಾದ ಮಾತು. ಅದಕ್ಕೇ ಈಗ 'ಮೆನಿ ಬೇಬೀಸ್' ಎಂಬ ಹೆಸರಲ್ಲಿ ಹಲವು ದೇಶಗಳ ಪ್ರಯೋಗಾಲಯಗಳು ಒಟ್ಟಾಗಿ ಒಂದೇ ಪ್ರಯೋಗ ಮಾಡುತ್ತಿವೆ. ಮೊದಲನೆಯದು 2020ರಲ್ಲಿ ಬಂತು. ಅರವತ್ತಕ್ಕೂ ಹೆಚ್ಚು ಪ್ರಯೋಗಾಲಯ, ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು. ಮಕ್ಕಳ ಜೊತೆ ನಾವು ರಾಗ ಎಳೆದು ಮುದ್ದಾಗಿ ಮಾತಾಡುತ್ತೇವಲ್ಲ, ಅದನ್ನು ಮಕ್ಕಳು ಹೆಚ್ಚು ಕೇಳಬಯಸುತ್ತಾರಾ ಎಂಬುದು ಪ್ರಶ್ನೆ. ಹೌದೆಂದು ಬಂತು, ಆದರೆ ಹಳೆಯ ಅಧ್ಯಯನಗಳು ಹೇಳಿದಷ್ಟು ದೊಡ್ಡ ಪರಿಣಾಮವಲ್ಲ.

ಶಬ್ದಗಳ ವಿಷಯ ಮಾತ್ರ ಗಟ್ಟಿಯಾಗಿ ನಿಂತಿದೆ. ಜಪಾನಿನ ಮಕ್ಕಳು ಇಂಗ್ಲಿಷ್‌ನ ರ–ಲ ವ್ಯತ್ಯಾಸವನ್ನು ಆರೇಳು ತಿಂಗಳಲ್ಲಿ ಅಮೆರಿಕದ ಮಕ್ಕಳಷ್ಟೇ ಹಿಡಿಯುತ್ತಾರೆ, ವರ್ಷ ತುಂಬುವಾಗ ಹಿಂದೆ ಬೀಳುತ್ತಾರೆ. ಮುಖಗಳಲ್ಲೂ ಇಂಥದ್ದೇ ಕಂಡಿದೆ. ಆರು ತಿಂಗಳ ಮಗು ಒಂದು ಮಂಗನ ಮುಖವನ್ನು ಇನ್ನೊಂದರಿಂದ ಬೇರೆ ಮಾಡಬಲ್ಲದು, ಒಂಬತ್ತು ತಿಂಗಳದ್ದು ಮಾಡಲಾರದು ಎಂದು 2002ರಲ್ಲಿ ಪಾಸ್ಕಲಿಸ್ ತಂಡ ತೋರಿಸಿತು. ಮಗು ಪೆದ್ದಾಯಿತು ಎಂದಲ್ಲ. ತನ್ನ ಸುತ್ತಲಿನವರನ್ನು, ಅವರ ಮಾತನ್ನು ಚೆನ್ನಾಗಿ ಕಲಿಯುತ್ತಿದೆ. ಬೇಡದ್ದರ ಮೇಲಿನ ಗಮನ ಸಡಿಲವಾಗುತ್ತದೆ.

ಹಾಸನದಪ್ಪ

ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ನನ್ನ ಮಗ ಈಗಷ್ಟೇ ಅಂಬೆಗಾಲಿಡುತ್ತಿದ್ದಾನೆ. ಮಕ್ಕಳಿಗೆ ಆಳದ ಭಯ ಹುಟ್ಟಿನಿಂದಲೇ ಇರುತ್ತದೆ, ಗಾಜಿನ ಮೇಲೆ ಮಾಡಿದ ಪ್ರಯೋಗದಲ್ಲಿ ಗೊತ್ತಾಗಿದೆ ಎಂದು ಎಲ್ಲೋ ಓದಿದ್ದೆ. ಆದರೆ ಇವನು ಮಂಚದ ಅಂಚಿಗೆ ಬಂದು ನಿಲ್ಲುವುದೇ ಇಲ್ಲ, ಮುಂದಕ್ಕೇ ಹೋಗುತ್ತಾನೆ. ಕಾಲು ಹಿಡಿದು ಎಳೆಯಬೇಕು. ಇವನಿಗೆ ಕಣ್ಣಿನ ತೊಂದರೆ ಏನಾದರೂ ಇದೆಯಾ?

ಬಂದರಿನಹುಡುಗಿ

ಅಣ್ಣ, ನೀವು ಓದಿದ್ದು ಎಲೀನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ 1960ರಲ್ಲಿ ಪ್ರಕಟಿಸಿದ ಪ್ರಯೋಗ. ದಪ್ಪ ಗಾಜಿನ ಹಾಸು. ಅರ್ಧ ಭಾಗದಲ್ಲಿ ಗಾಜಿನ ಕೆಳಗೇ ಚೌಕಳಿ ಬಟ್ಟೆ. ಇನ್ನರ್ಧದಲ್ಲಿ ಅದೇ ಬಟ್ಟೆ ನೆಲದ ಮೇಲೆ, ಕೆಳಗೆ. 6ರಿಂದ 14 ತಿಂಗಳ 36 ಮಕ್ಕಳಲ್ಲಿ 27 ಮಕ್ಕಳು ಗಾಜಿನ ನಡುವೆ ತಮ್ಮನ್ನು ಕೂರಿಸಿದ್ದ ಹಲಗೆ ಬಿಟ್ಟು ಹೊರಟರು. ಆಳ ಕಾಣುವ ಕಡೆಗೂ ಹೋದವರು ಮೂವರು ಮಾತ್ರ.

ಆದರೆ ಈ ಪರೀಕ್ಷೆ ಮಾಡಲು ಮಗು ಅಂಬೆಗಾಲಿಡಲೇಬೇಕು. ಅಷ್ಟು ಹೊತ್ತಿಗೆ ಅದು ಏನೇನೋ ಕಲಿತಿರುತ್ತದೆ. ಹಾಗಾಗಿ ಹುಟ್ಟಿನಿಂದಲೇ ಭಯ ಇದೆ ಎಂದು ಇದರಿಂದ ಹೇಳಲಾಗದು. ಆಮೇಲೆ ಜೋಸೆಫ್ ಕ್ಯಾಂಪೋಸ್ ಮತ್ತು ಜೊತೆಯವರು ಎರಡು ತಿಂಗಳ ಕೂಸುಗಳನ್ನು ಆ ಗಾಜಿನ ಮೇಲೆ ಮಲಗಿಸಿ ಎದೆಬಡಿತ ಅಳೆದರು. ಆಳದ ಕಡೆ ಬಡಿತ ನಿಧಾನವಾಯಿತು. ಭಯವಾದರೆ ಜೋರಾಗಬೇಕಿತ್ತು. ನಿಧಾನವಾಗುವುದು ಆಸಕ್ತಿಯ ಲಕ್ಷಣ. ವ್ಯತ್ಯಾಸ ಕಾಣುತ್ತದೆ, ಭಯ ಇನ್ನೂ ಬಂದಿಲ್ಲ. ಅಂಬೆಗಾಲಿಡಲು ಶುರುಮಾಡಿ ಕೆಲವು ವಾರವಾದ ಮೇಲೆ ಮಕ್ಕಳು ಹಿಂಜರಿಯುತ್ತಾರೆ.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಇನ್ನೂ ಮುಂದೆ ಹೋದರು. ಕೂತಾಗ ಎಷ್ಟು ದೂರದ ಆಟಿಕೆಗೆ ಕೈ ಚಾಚಿದರೆ ಬೀಳುತ್ತೇನೆಂದು ಚೆನ್ನಾಗಿ ಗೊತ್ತಿರುವ ಮಗುವೇ, ಹೊಸದಾಗಿ ಅಂಬೆಗಾಲಿಡುವಾಗ ಅಷ್ಟೇ ಅಗಲದ ಕಂದರಕ್ಕೆ ನೇರ ಬಗ್ಗುತ್ತದೆ. ಮೈಯ ಪ್ರತಿ ಹೊಸ ಭಂಗಿಗೂ ಪಾಠ ಹೊಸದಾಗಿ ಆಗಬೇಕು. ನಿಮ್ಮ ಮಗ ಆ ಹಂತದಲ್ಲಿದ್ದಾನೆ. ಹಾಸಿಗೆ ನೆಲಕ್ಕೆ ಇಳಿಸಿಬಿಡಿ. ನಡೆಯಲು ಕಲಿತಾಗ ಮತ್ತೆ ಇದೇ ಕಥೆ ಆಗುತ್ತದೆ. 12ರಿಂದ 19 ತಿಂಗಳ ಮಕ್ಕಳು ಗಂಟೆಗೆ ಸರಾಸರಿ 2,368 ಹೆಜ್ಜೆ ಇಟ್ಟು 17 ಸಲ ಬೀಳುತ್ತಾರೆ ಎಂದು ಅವರ 2012ರ ಅಧ್ಯಯನ ಎಣಿಸಿದೆ.

ವಾಕರ್ ಮಾತ್ರ ದಯವಿಟ್ಟು ತರಬೇಡಿ. ಸಂಪಿಗೆ ಅಕ್ಕ ಇರುವ ಕೆನಡಾದಲ್ಲಿ 2004ರಿಂದ ವಾಕರ್ ಮಾರಾಟವೇ ನಿಷೇಧ. ಚಕ್ರದ ಮೇಲೆ ಓಡಿ ಮೆಟ್ಟಿಲಿಂದ ಬಿದ್ದ ಮಕ್ಕಳು ಅಷ್ಟಿದ್ದರು. ಬೇಗ ನಡೆಯಲಿ ಎಂಬ ಆತುರವೂ ಬೇಡ. ದೆಹಲಿಯ ಮಕ್ಕಳೂ ಸೇರಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಒಂಟಿಯಾಗಿ ನಡೆಯುವ ವಯಸ್ಸು 8.2 ತಿಂಗಳಿಂದ 17.6 ತಿಂಗಳವರೆಗೆ ಹರಡಿತ್ತು.

ನೇಸರ

ಇದನ್ನೆಲ್ಲ ಓದಿ ನನಗೊಂದು ವಿಷಯ ಹೇಳಲೇಬೇಕು ಅನ್ನಿಸಿತು. ನನ್ನ ಮಗ ಹುಟ್ಟಿದ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡಲಿಲ್ಲ. ಕೇಳಿದರೆ, ಚಪ್ಪಾಳೆಗೆ ಬೆಚ್ಚುತ್ತಾನಲ್ಲ, ಸಾಕು ಎಂದು ಕಳಿಸಿದರು. ಬಾಗಿಲು ಹಾಕಿದರೆ ತಿರುಗುತ್ತಿದ್ದ. ನಾವೂ ನಿಶ್ಚಿಂತೆಯಾಗಿದ್ದೆವು. ಎರಡು ವರ್ಷವಾದರೂ ಮಾತು ಬರದಾಗ ಪರೀಕ್ಷೆ ಮಾಡಿಸಿದೆವು. ಎರಡೂ ಕಿವಿಯಲ್ಲಿ ದೋಷ. ಈಗ ಯಂತ್ರ ಹಾಕಿದ್ದೇವೆ, ಕಲಿಯುತ್ತಿದ್ದಾನೆ. ಆ ಎರಡು ವರ್ಷ ಯಾರು ಕೊಡುತ್ತಾರೆ? ದಯವಿಟ್ಟು ಎಲ್ಲರೂ ಮೊದಲೇ ಮಾಡಿಸಿ.

ಶ್ರವಣತಜ್ಞೆ

ನೇಸರ ಅವರೇ, ನೀವು ಬರೆದದ್ದು ಬಹಳ ಮುಖ್ಯ. ಬೆಳೆಯುವ ಕಿವಿಯ ಬಗ್ಗೆ ಇಷ್ಟೆಲ್ಲ ಮಾತಾಡುವಾಗ ಮೊದಲು ಕೇಳಬೇಕಾದ ಪ್ರಶ್ನೆ ಅದೇ: ಮಗುವಿಗೆ ಕೇಳಿಸುತ್ತಿದೆಯಾ?

ಚಪ್ಪಾಳೆ, ತಟ್ಟೆ ಬಡಿಯುವುದು ಪರೀಕ್ಷೆಯಲ್ಲ. ಗಾಳಿಯ ಅಲುಗಾಟಕ್ಕೂ ಮಗು ಬೆಚ್ಚಬಹುದು. ದಪ್ಪ ಶಬ್ದಗಳು ಕೇಳಿಸಿ ಸ, ಶ ಥರದ ಸಣ್ಣ ಶಬ್ದಗಳು ಮಾತ್ರ ಕೇಳಿಸದ ಮಕ್ಕಳಿದ್ದಾರೆ. ಅವರು ಬಾಗಿಲ ಸದ್ದಿಗೆ ತಿರುಗುತ್ತಾರೆ, ಮಾತು ಮಾತ್ರ ಅರೆಬರೆಯಾಗಿ ಕೇಳುತ್ತಾರೆ.

ಮಗು ಮಲಗಿದ್ದಾಗಲೇ ಕಿವಿಗೆ ಸಣ್ಣ ಪ್ರೋಬ್ ಇಟ್ಟು ಮಾಡುವ ಓಎಇ ಪರೀಕ್ಷೆ ಕೆಲವೇ ನಿಮಿಷದ್ದು. ನೋವಿಲ್ಲ. ಅದರಲ್ಲಿ ಅನುಮಾನ ಬಂದರೆ, ಶಬ್ದಕ್ಕೆ ಕಿವಿಯ ನರ ಮತ್ತು ಮೆದುಳು ಹೇಗೆ ಸ್ಪಂದಿಸುತ್ತವೆ ಎಂದು ಅಳೆಯುವ ಬೆರಾ ಟೆಸ್ಟ್. ನಮ್ಮಲ್ಲಿ ಅನುಸರಿಸುವ ಗುರಿ 1–3–6: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷ ಖಚಿತ, ಆರು ತಿಂಗಳೊಳಗೆ ಯಂತ್ರ ಮತ್ತು ತರಬೇತಿ ಶುರು. ಕಡಲತಡಿ ಅವರು ಹೇಳಿದ ವಯಸ್ಸುಗಳನ್ನು ಇದರ ಪಕ್ಕ ಇಟ್ಟು ನೋಡಿ, ಈ ಅವಸರ ಯಾಕೆ ಎಂದು ಗೊತ್ತಾಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕೆಲಸ ಮಾಡುತ್ತಿದೆ. ದೂರದವರು ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಡಿಇಐಸಿ (ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ) ಕೇಂದ್ರ ಎಲ್ಲಿದೆ ಎಂದು ಕೇಳಿ. ತಡವಾಗಿ ಗೊತ್ತಾದವರೂ ಕೈಚೆಲ್ಲಬೇಡಿ. ನಿಮ್ಮ ಮಗ ಈಗ ಕಲಿಯುತ್ತಿದ್ದಾನೆ, ಅದನ್ನು ಬಿಡದೆ ಮುಂದುವರಿಸಿ.

ಸಂಪಿಗೆ

ಎಲ್ಲರಿಗೂ ಮನಸಾರೆ ಧನ್ಯವಾದ. ಮಗಳ ಕಿವಿ ಪರೀಕ್ಷೆ ಇಲ್ಲಿ ಹುಟ್ಟಿದ ಕೂಡಲೇ ಮಾಡಿದ್ದಾರೆ, ಸರಿಯಿದೆ. ನೇಸರ ಅವರೇ, ನಿಮ್ಮ ಮಗ ಚೆನ್ನಾಗಿ ಮಾತು ಕಲಿಯಲಿ.

ವೀಡಿಯೊ ಪ್ರಶ್ನೆ ಉಳಿಯಿತು. ನಮ್ಮಮ್ಮ ಶಿರಸಿಯಿಂದ ದಿನಾ ವೀಡಿಯೊ ಕಾಲ್ ಮಾಡುತ್ತಾರೆ. ಅದೂ ಲೆಕ್ಕಕ್ಕಿಲ್ಲವಾ?

ಕಡಲತಡಿ

ವೀಡಿಯೊ ಬಗ್ಗೆ ಸ್ಪಷ್ಟ ಉತ್ತರ ಇದೆ. ಸಿಯಾಟಲ್‌ನ ಪೆಟ್ರೀಷಿಯಾ ಕುಲ್ 2003ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಒಂಬತ್ತು ತಿಂಗಳ ಮಕ್ಕಳ ಜೊತೆ ಚೀನಾದ ಮ್ಯಾಂಡರಿನ್ ಮಾತಾಡುವವರು ಕೂತು ಪುಸ್ತಕ ಓದಿದರು, ಆಟವಾಡಿದರು. ಪ್ರತಿ ಸಲ 25 ನಿಮಿಷ, ಒಟ್ಟು 12 ಸಲ. ಕೊನೆಗೆ ಆ ಮಕ್ಕಳು ಮ್ಯಾಂಡರಿನ್‌ನ ಕಷ್ಟದ ಶಬ್ದಗಳನ್ನು ತೈವಾನಿನ ಮಕ್ಕಳಷ್ಟೇ ಹಿಡಿದರು. ಇನ್ನೊಂದು ಗುಂಪಿಗೆ ಅದೇ ಜನರನ್ನು, ಅದೇ ಪಾಠವನ್ನು, ಅಷ್ಟೇ ಹೊತ್ತು ಟಿವಿಯಲ್ಲಿ ತೋರಿಸಿದರು. ಆ ಮಕ್ಕಳು ಏನೂ ಕಲಿಯಲಿಲ್ಲ. ಧ್ವನಿ ಮಾತ್ರ ಕೇಳಿದವರೂ ಅಷ್ಟೇ. ಭಾರತದ ಮಕ್ಕಳ ವೈದ್ಯರ ಸಂಘ 2021ರಲ್ಲಿ ಎರಡು ವರ್ಷದೊಳಗೆ ಸ್ಕ್ರೀನ್ ಬೇಡವೆಂದು ಹೇಳಿದಾಗಲೂ ಮನೆಯವರ ಜೊತೆಗಿನ ವೀಡಿಯೊ ಕಾಲ್‌ಗೆ ರಿಯಾಯಿತಿ ಕೊಟ್ಟಿತ್ತು.

ಅಮ್ಮನ ಕಾಲ್ ಬೇರೆ ವಿಷಯ. ಅವರು ಮಗಳಿಗೆ ಉತ್ತರ ಕೊಡುತ್ತಾರೆ. ಅವಳು ನಕ್ಕರೆ ನಗುತ್ತಾರೆ. 2014ರ ಅಧ್ಯಯನವೊಂದರಲ್ಲಿ ಎರಡು ವರ್ಷದ ಆಸುಪಾಸಿನ ಮಕ್ಕಳು ನೇರ ವೀಡಿಯೊ ಕಾಲ್‌ನಿಂದ ಹೊಸ ಪದಗಳನ್ನು ಎದುರಿಗೆ ಕೂತವರಿಂದ ಕಲಿತಷ್ಟೇ ಕಲಿತರು. ರೆಕಾರ್ಡ್ ಮಾಡಿದ ವೀಡಿಯೊದಿಂದ ಕಲಿಯಲಿಲ್ಲ. ನಿಮ್ಮ ಮಗಳು ಅವರಿಗಿಂತ ತುಂಬ ಚಿಕ್ಕವಳು. ಹಾಗಾಗಿ ಕಾಲ್ ಮಾಡುವಾಗ ನೀವೂ ಪಕ್ಕದಲ್ಲಿ ಕೂತಿರಿ. ಅಜ್ಜಿ ಬೊಂಬೆ ತೋರಿಸಿ ಹೆಸರು ಹೇಳಿದರೆ ಅಂಥದ್ದೇ ಒಂದನ್ನು ನೀವು ಅವಳ ಕೈಗೆ ಕೊಡಿ.

ಮಲೆನಾಡಜ್ಜಿ

ಶಿರಸಿ ಅಂದ್ಯಾ? ನಾನು ಸಿದ್ದಾಪುರದವಳು. ನಿಮ್ಮಮ್ಮನಿಗೆ ಹೇಳು, ಫೋನನ್ನು ಅಡುಗೆಮನೆಗೆ ಒಯ್ಯಲಿ. ಸೌಟು, ಲೋಟ, ತೆಂಗಿನಕಾಯಿ ತೋರಿಸಿ ಮಾತಾಡಲಿ. ಕೂಸು ಗುಡುಗುಡು ಅಂದಾಗ ನಿಲ್ಲಿಸಿ, ಅದರ ಮಾತು ಮುಗಿಯುವ ತನಕ ಕಾಯಲಿ. ಡೇಕೇರ್ ಶುರುವಾದ ಮೇಲೆ ಯಾವ ಹೊತ್ತಿಗೆ ಕಾಲ್ ಮಾಡಿಸಬೇಕೆಂದು ಈಗಲೇ ನೋಡಿಟ್ಟುಕೋ. ಸಂಜೆ ದಣಿದು ಬಂದ ಕೂಸಿಗೆ ಯಾರ ಮುಖವೂ ಬೇಡವಾಗಿರುತ್ತದೆ. ಬೆಳಗ್ಗೆ ಎದ್ದ ಕೂಡಲೇ ಮಾಡಿದರೆ ಒಳ್ಳೆಯದು.